ಕಾಲುವೆ ಬಂದ್ ಇದ್ದಾಗಲೂ ಬಂದ ಮಂದಿ: ಗೋಆಕ್ಸೆಸ್ ಬಳಸಿ ಎರಡು ವರ್ಷ

2024ರ ಏಪ್ರಿಲ್. ಹಿಂದಿನ ಮುಂಗಾರು ಕೈಕೊಟ್ಟು ತುಂಗಭದ್ರಾ ಜಲಾಶಯ ತುಂಬಿರಲಿಲ್ಲ, ಎರಡನೇ ಬೆಳೆಗೆ ನೀರಿರಲಿಲ್ಲ. ಕಾರಟಗಿಯಲ್ಲಿ ಎಡದಂಡೆ ಕಾಲುವೆ ಒಣಗಿ ಬಿದ್ದಿತ್ತು. ನನ್ನ ವೆಬ್‌ಸೈಟಿನ ಲೆಕ್ಕದಲ್ಲಿ ಮಾತ್ರ ಸುಗ್ಗಿ!

ಆ ಸೈಟಿನಲ್ಲಿ ನಾನು ದಿನಾ ಹಾಕುವುದು ಇಷ್ಟೇ: ಡ್ಯಾಮಿನ ಮಟ್ಟ, ಒಳಹರಿವು, ಹೊರಹರಿವು, ಎಡದಂಡೆ ಕಾಲುವೆಯ 69ನೇ ಮೈಲಿನ ಗೇಜ್ (ಅಲ್ಲಿನ ನೀರಿನ ಮಟ್ಟ), ಗಂಗಾವತಿ ಮತ್ತು ಕಾರಟಗಿಯ ಭತ್ತದ ದರ. ನೀರು ಬಿಟ್ಟಾಗ ಜನ ಬರುತ್ತಾರೆ, ಕಾಲುವೆ ಬಂದ್ ಆದರೆ ಯಾರೂ ತಿರುಗಿ ನೋಡುವುದಿಲ್ಲ. ಹಾಗಿದ್ದೂ ಪುಟದಲ್ಲಿ ಅಂಟಿಸಿದ್ದ ಉಚಿತ ಎಣಿಕೆ ಸೇವೆ, ಹಿಂದಿನ ಆಗಸ್ಟಿಗಿಂತ ಮೂರು ಪಟ್ಟು ಹೆಚ್ಚು ಮಂದಿ ಬಂದಿದ್ದಾರೆ ಎಂದು ತೋರಿಸುತ್ತಿತ್ತು. (ಆ ಸೇವೆಯ ಹೆಸರು ಇಲ್ಲಿ ಬೇಡ.) ನಾನು ಖುಷಿಪಟ್ಟೆ. ಗ್ರಾಫ್ ಪ್ರಿಂಟ್ ಹಾಕಿಸಿಕೊಂಡು, ತಿಂಗಳಿಗೆ 1,500 ರೂಪಾಯಿ ಜಾಹೀರಾತು ಕೊಡುವ ಗೊಬ್ಬರದ ಅಂಗಡಿಯ ಸಾಹುಕಾರರ ಹತ್ತಿರ ಹೋಗಿ 2,500 ಕೇಳಿದೆ.

ಅವರು ಚಷ್ಮಾ ಏರಿಸಿ ಹಾಳೆ ನೋಡಿದರು. "ಚಲೋ ಆತು ತಮ್ಮಾ. ಇದರಾಗ ಸಿಂಧನೂರಿನವರು ಎಷ್ಟು, ಮಾನ್ವಿಯವರು ಎಷ್ಟು?"

ಮೊಬೈಲಿನಲ್ಲಿ ಊರುಗಳ ಪಟ್ಟಿ ತೆರೆದೆ. ಮೇಲೆ ಇದ್ದದ್ದು ಆಶ್‌ಬರ್ನ್, ಅದರ ಕೆಳಗೆ ಬೋರ್ಡ್‌ಮನ್, ಕೌನ್ಸಿಲ್ ಬ್ಲಫ್ಸ್. ಅಮೆರಿಕದಲ್ಲಿ ದೊಡ್ಡ ದೊಡ್ಡ ಡೇಟಾ ಸೆಂಟರುಗಳಿರುವ ಊರುಗಳು ಅವು ಎಂದು ಗೊತ್ತಾದದ್ದು ಮನೆಗೆ ಬಂದು ಹುಡುಕಿದ ಮೇಲೆ. ಸಾಹುಕಾರರ ಮುಂದೆ ಏನು ಹೇಳಬೇಕೋ ತಿಳಿಯದೆ ಮೊಬೈಲ್ ಜೇಬಿಗಿಟ್ಟು ಎದ್ದು ಬಂದಿದ್ದೆ. ಅವತ್ತು ಆದ ಸಂಕಟಕ್ಕೇ ನಾನು, ಸೈಟಿಗೆ ಬಂದವರ ಲೆಕ್ಕ ಹಿಡಿಯುವ ಗೋಆಕ್ಸೆಸ್ ಎಂಬ ತಂತ್ರಾಂಶ ಹಾಕಿಕೊಂಡದ್ದು.

ಇನ್‌ಸ್ಟಾಲ್ ಮಾಡುವುದು ಹೇಗೆ ಎಂಬುದನ್ನು ಬರೆಯುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ತಂತ್ರಾಂಶ ಉಚಿತ, ಓಪನ್ ಸೋರ್ಸ್. ಮುಖ್ಯ ವ್ಯತ್ಯಾಸ ಒಂದಿದೆ. ಪುಟದಲ್ಲಿ ಅಂಟಿಸುವ ಎಣಿಕೆ ಸೇವೆ, ಬ್ರೌಸರು ಹೇಳಿದ್ದನ್ನು ನಂಬುತ್ತದೆ. ತಾನು ಬಾಟ್ (ಮನುಷ್ಯರಿಲ್ಲದೆ ತಾನಾಗಿಯೇ ಪುಟ ಎಳೆಯುವ ಪ್ರೋಗ್ರಾಂ) ಎಂದು ಹೆಸರು ಹೇಳಿಕೊಂಡು ಬರುವುದನ್ನು ಅದು ಬಿಡುತ್ತದೆ, ಕ್ರೋಮ್ ಎಂದು ವೇಷ ಹಾಕಿ ಬಂದದ್ದನ್ನು ಮನುಷ್ಯ ಎಂದೇ ಎಣಿಸುತ್ತದೆ. ಗೋಆಕ್ಸೆಸ್ ಓದುವುದು ಸರ್ವರಿನ ಲಾಗ್. ಬಾಗಿಲಿಗೆ ಯಾರು ಬಂದರು, ಎಷ್ಟು ಹೊತ್ತಿಗೆ, ಏನು ಕೇಳಿದರು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಇರುತ್ತದೆ.

ಬೆಳಿಗ್ಗೆ ಐದೂವರೆಗೆ ಎದ್ದು, ಚಹಾ ಕಾಯಿಸಿಕೊಂಡು, ಡ್ಯಾಮಿನ ಅಂಕಿ ಬರುವವರೆಗೆ ಅದನ್ನೇ ನೋಡುತ್ತ ಕೂರುತ್ತೇನೆ. ಮೊದಲು ಕ್ರಾಲರ್‌ಗಳನ್ನು, ಅಂದರೆ ಹೆಸರು ಹೇಳಿಕೊಂಡು ಬರುವ ಬಾಟ್‌ಗಳನ್ನು, ಸೇರಿಸಿ ಒಂದು ಸಲ, ಆಮೇಲೆ ಅವನ್ನು ಬಿಟ್ಟು ಇನ್ನೊಂದು ಸಲ. ನಂತರ 404ರ ಪಟ್ಟಿ, ಅಂದರೆ ಇಲ್ಲದ ಪುಟ ಕೇಳಿದವರದ್ದು. ನನ್ನದು ವರ್ಡ್‌ಪ್ರೆಸ್ (ಸೈಟು ಕಟ್ಟುವ ಒಂದು ಜನಪ್ರಿಯ ತಂತ್ರಾಂಶ) ಬಳಸಿದ ಸೈಟೇ ಅಲ್ಲ, ಆದರೂ ರಾತ್ರಿಯೆಲ್ಲ ಅದರ ಲಾಗಿನ್ ಪುಟ ಹುಡುಕಿಕೊಂಡು ಬಂದವರ ಸಾಲು ಅಲ್ಲಿರುತ್ತದೆ. ಬರಬರುತ್ತ ಕಣ್ಣು ಪಳಗಿತು. ರೈತ ಬಂದರೆ ಪುಟ ಕೇಳುತ್ತಾನೆ, ಅದರ ಹಿಂದೆಯೇ ಚಿತ್ರ, ಅಕ್ಷರಶೈಲಿಯ ಫೈಲು ಎಲ್ಲ ಹೋಗುತ್ತವೆ, ಗೇಜ್ ನೋಡಿ ಹೊರಡುತ್ತಾನೆ. ಸಂಜೆ ಮತ್ತೆ ಬಂದಾಗ ಫೈಲು ಬದಲಾಗಿಲ್ಲ ಎಂಬ 304 ಬೀಳುತ್ತದೆ. ಬಾಟ್ ಹಾಗಲ್ಲ, 2022ರ ಜನವರಿಯ ದರದ ಪುಟದಿಂದ ಹಿಡಿದು ಒಂದೊಂದಾಗಿ, ಎರಡೆರಡು ಸೆಕೆಂಡಿಗೆ, ಚಿತ್ರ ಕೇಳದೆ ಎಳೆದುಕೊಂಡು ಹೋಗುತ್ತದೆ. ಏಪ್ರಿಲ್ ತಿಂಗಳ ನನ್ನ ಸುಗ್ಗಿಯಲ್ಲಿ ಮುಕ್ಕಾಲು ಪಾಲು ಇಂಥದ್ದೇ.

ಸಿಟ್ಟಿನಲ್ಲಿ ಕಂಡಕಂಡದ್ದನ್ನೆಲ್ಲ ತಡೆಯಲು ಶುರುಮಾಡಿದೆ. ವಾಟ್ಸಾಪ್ ಎಂಬ ಹೆಸರಿನ ಸಾಲುಗಳೂ ಬಹಳ ಇದ್ದವು. ಪುಟ ಒಂದು, ಚಿತ್ರ ಒಂದು, ಅಷ್ಟೇ ಕೇಳಿ ಹೋಗುತ್ತಿದ್ದವು. ಇದೂ ಬಾಟ್ ಅಂದುಕೊಂಡು ಅದಕ್ಕೂ ಬಾಗಿಲು ಹಾಕಿದೆ. ಎರಡು ದಿನಕ್ಕೆ ಸಿರವಾರದ ಕಡೆಯ ಹಿರಿಯರೊಬ್ಬರ ಫೋನ್: "ಯಾಕಪಾ, ನಿನ್ನ ಲಿಂಕ್ ಗ್ರೂಪಿಗೆ ಹಾಕಿದ್ರ ಡ್ಯಾಮಿನ ಫೋಟೋನ ಬರವಲ್ದು?"

ಆಗ ಅರ್ಥವಾಯಿತು. ವಾಟ್ಸಾಪಿನಲ್ಲಿ ಲಿಂಕ್ ಅಂಟಿಸಿದಾಗ, ಕೆಳಗೆ ಕಾಣುವ ಚಿತ್ರ ಮತ್ತು ತಲೆಬರಹವನ್ನು ಕಳಿಸುವವರ ಫೋನೇ ಸೈಟಿನಿಂದ ತರುತ್ತದೆ. ಅಂದರೆ ನಾನು ತಡೆದ ಒಂದೊಂದು ಸಾಲಿನ ಹಿಂದೆಯೂ, ನನ್ನ ಲಿಂಕನ್ನು ತನ್ನ ಮಂದಿಗೆ ಕಳಿಸುತ್ತಿದ್ದ ಒಬ್ಬ ಮನುಷ್ಯ ಇದ್ದ. ಕೂಡಲೇ ತೆಗೆದೆ. ಈಗ ಬೆಳಿಗ್ಗೆ ನಾನು ಮೊದಲು ಹುಡುಕುವುದೇ ಆ ಸಾಲುಗಳನ್ನು. ಈ ಉಪಕರಣ ನನಗೆ ಕೊಟ್ಟ ದೊಡ್ಡ ಸಂತೋಷ ಅದೇ, ಬೇರೆ ಏನೂ ಕೊಡದಿದ್ದರೂ ಇಟ್ಟುಕೊಳ್ಳುತ್ತಿದ್ದೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅವತ್ತು ನಾನು ಮಲಗಲಿಲ್ಲ. 105.788 ಟಿಎಂಸಿಯ ಜಲಾಶಯ ತುಂಬಿ ನಿಂತಿದ್ದ ದಿನಗಳು ಅವು. ಗೋಆಕ್ಸೆಸ್‌ನ ಪರದೆ ನೇರವಾಗಿ ಓಡುತ್ತಿತ್ತು. ಮೊದಲು ವಾಟ್ಸಾಪಿನ ಒಂದು ಸಾಲು, ಮರುನಿಮಿಷ ಹತ್ತು ಫೋನುಗಳು, ಮತ್ತೊಂದು ವಾಟ್ಸಾಪ್ ಸಾಲು, ಮತ್ತೆ ಇಪ್ಪತ್ತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪುಟ, ಡ್ಯಾಮಿನ ಮಟ್ಟ. ಹತ್ತು ನಿಮಿಷ ಬಿಟ್ಟು ಅವರೇ ಮತ್ತೆ ಬರುತ್ತಿದ್ದರು. ನಾಟಿ ಮಾಡಿ ಕೂತವರು ನಡುರಾತ್ರಿ ಮತ್ತೆ ಮತ್ತೆ ಬಾಗಿಲು ಬಡಿದಂತೆ ಕಂಡಿತು. ಆ ರಾತ್ರಿಯ ಲಾಗ್ ನನ್ನ ಹತ್ತಿರ ಇಲ್ಲ. ನನ್ನ ಸರ್ವರಿನಲ್ಲಿ ಮೊದಲೇ ಇದ್ದ ಸೆಟ್ಟಿಂಗು ಹದಿನಾಲ್ಕು ದಿನದ ಹಳೆಯ ಲಾಗ್ ಅಳಿಸುತ್ತದೆ, ನಾನು ಬದಲಿಸಿರಲಿಲ್ಲ. ಹೊಸದಾಗಿ ಹಾಕಿಕೊಳ್ಳುವವರು ಗೋಆಕ್ಸೆಸ್‌ನ ಲೆಕ್ಕವನ್ನು ಉಳಿಸಿಟ್ಟು ಮತ್ತೆ ತೆರೆಯುವ ಪರ್ಸಿಸ್ಟ್ ಮತ್ತು ರಿಸ್ಟೋರ್ ಎಂಬ ಆಯ್ಕೆಗಳನ್ನು ಮೊದಲ ದಿನವೇ ಹಾಕಿಬಿಡಿ.

ಕೊರತೆಗಳೂ ಇವೆ. ಒಂದೇ ದಿನ, ಒಂದೇ ಐಪಿ (ಇಂಟರ್ನೆಟ್ಟಿನಲ್ಲಿ ಸಂಪರ್ಕದ ವಿಳಾಸಸಂಖ್ಯೆ), ಒಂದೇ ಬ್ರೌಸರ್ ಹೆಸರು ಇದ್ದರೆ ಗೋಆಕ್ಸೆಸ್ ಅದನ್ನು ಒಬ್ಬ ಭೇಟಿಗಾರ ಎಂದು ಲೆಕ್ಕ ಹಿಡಿಯುತ್ತದೆ. ನಮ್ಮ ಕಡೆ ಎಲ್ಲ ಮೊಬೈಲೇ. ಆಂಡ್ರಾಯ್ಡಿನ ಕ್ರೋಮ್ ಈಗ ಫೋನಿನ ಮಾದರಿ ಹೇಳುವುದೂ ಇಲ್ಲ, ಎಲ್ಲವೂ ಆಂಡ್ರಾಯ್ಡ್ 10 ಎಂದೇ ಹೇಳುತ್ತವೆ. ಒಂದೇ ಐಪಿಯ ಹಿಂದೆ ನಾಲ್ಕು ರೈತರಿದ್ದರೆ ಒಬ್ಬರಾಗುತ್ತಾರೆ, ಗದ್ದೆಯಿಂದ ಊರಿಗೆ ಬರುವಷ್ಟರಲ್ಲಿ ಐಪಿ ಬದಲಾದರೆ ಒಬ್ಬ ಇಬ್ಬರಾಗುತ್ತಾನೆ. ನಿಜವಾದ ಬ್ರೌಸರನ್ನೇ ಓಡಿಸಿಕೊಂಡು ಚಿತ್ರ ಸಮೇತ ಎಲ್ಲ ಎಳೆಯುವ ಬಾಟ್ ಬಂದರೆ ಇದಕ್ಕೂ ಗೊತ್ತಾಗುವುದಿಲ್ಲ. ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ನನ್ನ ಕನ್ನಡ ಪುಟಗಳ ಹೆಸರು ಒತ್ತಕ್ಷರ ಚದುರಿ ಕಾಣುತ್ತದೆ, ಅದು ಟರ್ಮಿನಲ್‌ನ ತೊಂದರೆ, ಎಚ್‌ಟಿಎಂಎಲ್ ವರದಿಯಲ್ಲಿ ಸರಿಯಾಗಿರುತ್ತದೆ.

ಹಳೆಯ ಎಣಿಕೆ ಸೇವೆಯನ್ನು ನಾನು ಕಿತ್ತುಹಾಕಿಲ್ಲ, ಪಕ್ಕದಲ್ಲಿಟ್ಟು ತಾಳೆ ನೋಡುತ್ತೇನೆ. ಕಳೆದ ವರ್ಷ ಅದರಲ್ಲಿ ಇದ್ದಕ್ಕಿದ್ದಂತೆ ಸಿಂಗಪುರ ಮತ್ತು ಚೀನಾದ ಲಾಂಝೌನಿಂದ ನೂರಾರು ಭೇಟಿ ಕಂಡವು. ನನ್ನ ಲಾಗ್‌ನಲ್ಲಿ ಅವುಗಳ ಒಂದು ಸಾಲೂ ಇರಲಿಲ್ಲ. ಎಣಿಕೆಯ ಗುರುತುಸಂಖ್ಯೆ ಪುಟದ ಕೋಡಿನಲ್ಲಿ ಯಾರಿಗೂ ಕಾಣುತ್ತದೆ. ಅದನ್ನು ಎತ್ತಿಕೊಂಡು ಸೈಟಿಗೆ ಕಾಲಿಡದೆಯೇ ಎಣಿಕೆಯವರಿಗೆ ಸುಳ್ಳು ಭೇಟಿ ಕಳಿಸಬಹುದು. ಎರಡನ್ನೂ ನೋಡದಿದ್ದರೆ ನಾನು ಮತ್ತೆ ಮೋಸ ಹೋಗುತ್ತಿದ್ದೆ.

ಬಾಟ್‌ಗಳ ಮೇಲಿದ್ದ ಮೊದಲಿನ ಸಿಟ್ಟೂ ಇಳಿದಿದೆ. ಇಂಪರ್ವಾ ಸಂಸ್ಥೆಯ 2025ರ ವರದಿಯ ಪ್ರಕಾರ 2024ರಲ್ಲಿ ವೆಬ್ ಸಂಚಾರದ ಶೇ. 51ರಷ್ಟು ಯಂತ್ರಗಳದ್ದೇ. ಗೂಗಲ್‌ಬಾಟ್ ಬರದಿದ್ದರೆ ಹುಡುಕಿದವರಿಗೆ ನಾನು ಸಿಗುವುದಿಲ್ಲ, ಅದು ಬರಲಿ. ಅದರ ಹೆಸರು ಹೇಳಿಕೊಂಡು ಬರುವ ಕಳ್ಳರೂ ಇರುವುದರಿಂದ ಐಪಿ ಯಾರ ಹೆಸರಿನಲ್ಲಿದೆ, ಆ ಹೆಸರು ಮತ್ತೆ ಅದೇ ಐಪಿಗೆ ಬರುತ್ತದೆಯೇ ಎಂದು ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್ಟಿನ ಹೆಸರು-ವಿಳಾಸಗಳ ಪಟ್ಟಿ) ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಉಳಿದವಕ್ಕೆ ನಿಮಿಷಕ್ಕೆ ಇಷ್ಟೇ ಎಂದು ಮಿತಿ ಹಾಕಿದ್ದೇನೆ. ತಿಂಗಳಿಗೆ ಐನೂರು ರೂಪಾಯಿಯ ಸಣ್ಣ ಸರ್ವರ್ ನನ್ನದು, ಅದು ಬಿದ್ದುಹೋಗದಿದ್ದರೆ ಸಾಕು.

ಸಾಹುಕಾರರು ಕೇಳಿದ ಪ್ರಶ್ನೆಗೆ ನೇರ ಉತ್ತರವನ್ನು ಗೋಆಕ್ಸೆಸ್ ಕೊಡಲಾರದು. ಊರಿನ ಡೇಟಾಬೇಸ್ ಬೇರೆ ತಂದು ಜೋಡಿಸಬೇಕು, ಜೋಡಿಸಿದರೂ ಮೊಬೈಲ್ ಐಪಿ ಎಲ್ಲ ಬೆಂಗಳೂರು, ಹೈದರಾಬಾದ್ ಎಂದೇ ತೋರಿಸುತ್ತದೆ. ಅದಕ್ಕೆ ಪುಟಗಳ ಲೆಕ್ಕ ಹಿಡಿದೆ. 69ನೇ ಮೈಲಿನ ಗೇಜ್ ತೆರೆಯುವವರು ಹೆಚ್ಚಾಗಿ ಮಾನ್ವಿ, ಸಿರವಾರದ ಕೆಳಭಾಗದ ರೈತರು. ಕಾರಟಗಿಯ ದರ ನೋಡುವವರು ಇಲ್ಲಿನ ಸುತ್ತಲಿನವರು. ಬಾಟ್‌ಗಳನ್ನು ತೆಗೆದು, ಪುಟವಾರು ಬರೆದ ಒಂದು ಹಾಳೆಯನ್ನು ಪ್ರತಿ ತಿಂಗಳು ಒಂದನೇ ತಾರೀಖು ಅಂಗಡಿಗೆ ಕೊಟ್ಟು ಬರುತ್ತೇನೆ. ಮೊದಲ ಹಾಳೆಯ ಅಂಕಿ ಆ ಗ್ರಾಫಿನ ಕಾಲುಭಾಗವೂ ಇರಲಿಲ್ಲ. ಅವರು ಓದಿ, ಮಡಿಚಿ, ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡರು. ಜಾಹೀರಾತು 1,500ರಲ್ಲೇ ಮುಂದುವರಿದಿದೆ.