ಕೆರೆ ಅಧ್ಯಯನಕ್ಕೆ ತಂಡ ಕರೆಸಿದ್ದೆವು: ದುಡ್ಡಿಗೆ ತಕ್ಕ ಕೆಲಸ ಆಯಿತಾ?

ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನವಳು. ಮನೆಯಲ್ಲಿ ಹಿಪ್ಪುನೇರಳೆ ತೋಟ ಇದೆ, ಹಸು ಸಾಕಿದ್ದೇವೆ. ಊರಿನ ಕೆರೆ ಸಮಿತಿಯಲ್ಲಿ ಸ್ತ್ರೀಶಕ್ತಿ ಸಂಘದ ಪರವಾಗಿ ನಾನಿದ್ದೇನೆ. ಕೆರೆಯ ಸ್ಥಿತಿ ಅಧ್ಯಯನ ಮಾಡಿ, ಊರಿನವರ ಜೊತೆ ಕೂತು ಕ್ರಿಯಾ ಯೋಜನೆ ಮಾಡಿಕೊಡುವ ಒಂದು ಚಿಕ್ಕ ತಂಡವನ್ನು ನಾವು ಕರೆಸಿದ್ದೆವು. ಈಗ ಅಕ್ಕಪಕ್ಕದ ಪಂಚಾಯಿತಿಯವರು ಫೋನ್ ಮಾಡಿ, "ಹೇಗಿತ್ತು? ನಾವೂ ಕರೆಸಬಹುದಾ?" ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಹೇಳೋಣ ಅಂತ ಬರೆಯುತ್ತಿದ್ದೇನೆ. ತಂಡದ ಹೆಸರು ಹಾಕುತ್ತಿಲ್ಲ. ಯಾರನ್ನೇ ಕರೆಸಿದರೂ ಏನನ್ನು ನೋಡಿಕೊಳ್ಳಬೇಕು ಅನ್ನುವುದೇ ಇಲ್ಲಿ ಮುಖ್ಯ.

ಮೊದಲೇ ಹೇಳಿಬಿಡುತ್ತೇನೆ. ಕರೆಸಿ. ಆದರೆ ಷರತ್ತು ಬರೆಸಿಕೊಂಡು ಕರೆಸಿ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ನಮ್ಮ ಕಡೆ ಬೋರು 1,000 ಅಡಿ ದಾಟಿದರೂ ನೀರು ಸಿಗುವ ಖಾತ್ರಿ ಇಲ್ಲ. ಅಂಥ ಒಂದು ಬೋರು ಕೊರೆಸುವ ದುಡ್ಡಿಗಿಂತ ಇವರ ಶುಲ್ಕ ಕಡಿಮೆ ಇತ್ತು. ಅರ್ಧ ಪಂಚಾಯಿತಿ ಕೊಟ್ಟಿತು, ಉಳಿದದ್ದು ಊರಿನ ಚಂದಾ.

ತಂಡದವರು ಮಾಡಿದ್ದು ಹೊಸ ವಿಧಾನವೇನೂ ಅಲ್ಲ. ಊರಿನವರೇ ನಕ್ಷೆ ಬರೆದು, ಊರಿನವರೇ ಲೆಕ್ಕ ಹಾಕುವ ಈ ಪದ್ಧತಿ 1980ರ ದಶಕದ ಕೊನೆಯಲ್ಲೇ ನಮ್ಮ ದೇಶಕ್ಕೆ ಬಂದಿದೆ. ಇದನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಬ್ರಿಟನ್ನಿನ ಸಂಶೋಧಕ ರಾಬರ್ಟ್ ಚೇಂಬರ್ಸ್ ಮುಖ್ಯರು. ಕರ್ನಾಟಕದಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಆಗಲೇ ಇದನ್ನು ಬಳಸತೊಡಗಿತ್ತು. ಆಮೇಲೆ ಕೆರೆ ಅಭಿವೃದ್ಧಿಗೆ ಜಲಸಂವರ್ಧನೆ ಯೋಜನೆ ಬಂದಾಗಲೂ ಊರೂರಲ್ಲಿ ಕೆರೆ ಬಳಕೆದಾರರ ಸಂಘ ಮಾಡಿದರು. ಹಾಗಾಗಿ ನಮ್ಮ ಹಿರಿಯರಿಗೆ ರಂಗೋಲಿ ಪುಡಿಯಲ್ಲಿ ನಕ್ಷೆ ಹಾಕುವುದು ಗೊತ್ತಿತ್ತು. ವಿಧಾನ ಗೊತ್ತಿದ್ದರೆ ಸಾಲದು. ಅದನ್ನು ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಜೊತೆ ಮಾಡುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಈ ವಿಷಯದಲ್ಲಿ ನಮಗೆ ಬಂದ ತಂಡಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಮೊದಲ ಸಭೆಯನ್ನು ಪಂಚಾಯಿತಿಯವರು ದೇವಸ್ಥಾನದ ಮುಂದೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ಬಂದವರು ಯಾರು? ಕೆರೆ ನೀರು ಹಾಯುವ ಅಚ್ಚುಕಟ್ಟಿನಲ್ಲಿ ಜಮೀನು ಇರುವವರು, ಅದರಲ್ಲೂ ನೀರು ಹೊರಬಿಡುವ ತೂಬಿನ ಹತ್ತಿರದವರು. ನಕ್ಷೆಯಲ್ಲಿ ಅವರ ಗದ್ದೆಗಳು ದೊಡ್ಡದಾಗಿ ಬಂದವು, ದಲಿತರ ಕಾಲೋನಿ ಒಂದು ಮೂಲೆಯಲ್ಲಿ ಚುಕ್ಕಿಯಾಯಿತು. ತಂಡದ ಮುಖ್ಯಸ್ಥೆ ಅದನ್ನು ನೋಡಿ ಯಾರನ್ನೂ ಬೈಯಲಿಲ್ಲ. "ಇದು ಒಂದು ನಕ್ಷೆ. ಇನ್ನೂ ಬೇಕು" ಅಂದರು ಅಷ್ಟೇ. ಎರಡನೆಯದನ್ನು ಕಾಲೋನಿಯಲ್ಲೇ ಮಾಡಿಸಿದರು. ಮೂರನೆಯದನ್ನು ಹೆಂಗಸರ ಜೊತೆ, ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ. ನಮ್ಮ ಊರಿನ ದಿನಚರಿಯನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದರು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಮನೆಯಿಂದ ಮಧ್ಯಾಹ್ನ ಯಾರೂ ಸಭೆಗೆ ಬರಲಾರರು. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಎಷ್ಟೋ ಸರ್ಕಾರಿ ಸಭೆಗಳು ಖಾಲಿ ಕುರ್ಚಿಗೆ ನಡೆದಿವೆ.

ಕಾಲೋನಿಯ ನಕ್ಷೆ ಬಂದ ಮೇಲೆ ಮಾತೇ ಬದಲಾಯಿತು. ಕೋಲಾರ ಸೀಮೆಯಲ್ಲಿ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವರು ನೀರಗಂಟಿಗಳು. ಹೆಚ್ಚಾಗಿ ದಲಿತ ಮನೆತನದವರು. ಹಿಂದೆ ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಅವರಿಗೆ ಧಾನ್ಯ ಹೋಗುತ್ತಿತ್ತು. ಕೆರೆ ತುಂಬುವುದು ಅಪರೂಪ ಆದ ಮೇಲೆ ಆ ಪಾಲೂ ನಿಂತಿತು, ಅವರ ಮಾತು ಕೇಳುವುದೂ ನಿಂತಿತು. ನಮ್ಮೂರಿನ ಹಿರಿಯ ನೀರಗಂಟಿ ಹೊಂಗೆ ಮರದ ಕೆಳಗೆ ಕೂತು, ಮೂರು ಕಡೆಯಿಂದ ಕೆರೆಗೆ ನೀರು ಬರುತ್ತಿದ್ದ ದಾರಿಯನ್ನು ಪುಡಿಯಲ್ಲಿ ಎಳೆದು ತೋರಿಸಿದರು. ಸಮಿತಿಯ ದಾಖಲೆಯಲ್ಲಿ ಇದ್ದದ್ದು ಒಂದೇ ಕಾಲುವೆ!

ಮಾರನೆಯ ವಾರ ಅವರನ್ನೇ ಮುಂದೆ ಬಿಟ್ಟುಕೊಂಡು ಕೆರೆ ತುಂಬಿದಾಗ ನೀರು ಹೊರಹೋಗುವ ಕೋಡಿಯಿಂದ ಮೇಲಕ್ಕೆ, ಗುಡ್ಡದವರೆಗೂ ನಡೆದೆವು. ಕೆರೆಗೆ ನೀರು ತರುವ ಒಂದು ರಾಜಕಾಲುವೆ ನೀಲಗಿರಿ ತೋಪಿನಲ್ಲಿ ಮುಚ್ಚಿಹೋಗಿತ್ತು. ಇನ್ನೊಂದಕ್ಕೆ ಅಡ್ಡವಾಗಿ ರಸ್ತೆ ಬಂದಿತ್ತು, ಮೋರಿಯ ಕೊಳವೆಯನ್ನು ಕಾಲುವೆಯ ತಳಕ್ಕಿಂತ ಎತ್ತರದಲ್ಲಿ ಕೂರಿಸಿದ್ದರು. ನೀರು ಮೇಲೇರಿ ಹೋಗುತ್ತಾ? ಇಷ್ಟು ವರ್ಷ ನಾವೆಲ್ಲ "ಕೆರೆಯಲ್ಲಿ ಹೂಳು ತುಂಬಿದೆ, ಹೂಳು ತೆಗೆಸಿ" ಅಂತಲೇ ಅರ್ಜಿ ಬರೆಯುತ್ತಿದ್ದೆವು. ಬರುವ ನೀರಿಗೆ ದಾರಿ ಇಲ್ಲದಿದ್ದರೆ ಹೂಳು ತೆಗೆದು ಪ್ರಯೋಜನ ಏನು? ಈ ಒಂದು ನಡಿಗೆಗೇ ಕೊಟ್ಟ ದುಡ್ಡು ಸಂದಿತು ಅನ್ನುವುದು ನನ್ನ ಅಭಿಪ್ರಾಯ.

ಹುಣಸೆ ಬೀಜ ಇಟ್ಟು ವರ್ಷದ ಲೆಕ್ಕ ಮಾಡಿಸಿದ್ದೂ ಚೆನ್ನಾಗಿತ್ತು. ಯಾವ ತಿಂಗಳು ಕೂಲಿ ಸಿಗುತ್ತದೆ, ಯಾವಾಗ ಮೇವು ಇರುವುದಿಲ್ಲ, ಯಾವಾಗ ಸಾಲ ಜಾಸ್ತಿ, ಇದಕ್ಕೆಲ್ಲ ಬೀಜ ಇಡಬೇಕು. ಗಂಡಸರು ಬೇರೆ, ಹೆಂಗಸರು ಬೇರೆ ಕೂತರು. ಗಂಡಸರು ಸಾಲದ ಬೀಜವನ್ನೆಲ್ಲ ಬಿತ್ತನೆ ಕಾಲಕ್ಕೆ ಇಟ್ಟರು. ನಾವು ಅದಕ್ಕೂ ಮುಂಚೆ, ಏಪ್ರಿಲ್ ಮೇ ತಿಂಗಳಿಗೂ ಇಟ್ಟೆವು. ಆಗ ಹೊಲದ ಕೂಲಿ ಇರುವುದಿಲ್ಲ, ಜೂನ್‌ನಲ್ಲಿ ಶಾಲೆ ಖರ್ಚು ಬರುತ್ತದೆ. ಕೆರೆ ಅಂಗಳ ಒಣಗುವುದೂ ಆಗಲೇ. ಹಾಗಾಗಿ ಹೂಳಿನ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಅದೇ ತಿಂಗಳುಗಳಿಗೆ ಹಾಕಬೇಕು ಅಂತ ಯೋಜನೆಯಲ್ಲಿ ಬರೆಸಿದೆವು.

ಜಗಳವೂ ಆಯಿತು. ಆಗಲೇಬೇಕಿತ್ತು. ಟ್ರ್ಯಾಕ್ಟರ್ ಇದ್ದವರಿಗೆ ಹೂಳು ತಮ್ಮ ಹೊಲಕ್ಕೆ ಬೇಕು. ಇಟ್ಟಿಗೆ ಮಾಡುವವರಿಗೆ ಜೇಡಿಮಣ್ಣು ಬೇಕು. ಕೆರೆಯಲ್ಲಿ ಬೆಳೆದ ಬಳ್ಳಾರಿ ಜಾಲಿ ಮುಳ್ಳುಗಿಡವನ್ನು ಬೇರುಸಹಿತ ಕೀಳಬೇಕು ಅಂತ ಸಮಿತಿ ಹೇಳಿತು. ಅದನ್ನೇ ಕಡಿದು ಒಲೆ ಉರಿಸುವ ಹೆಂಗಸರು "ನಾಳೆ ನಾವೇನು ಮಾಡೋಣ?" ಅಂತ ಎದ್ದು ನಿಂತರು. ಕುರಿ ಕಾಯುವವರಿಗೆ ಬೇಸಿಗೆಯಲ್ಲಿ ಕೆರೆ ಅಂಗಳವೇ ಹುಲ್ಲುಗಾವಲು. ತಂಡದವರು ಯಾರ ಪರವೂ ಮಾತಾಡದೆ ಎಲ್ಲರ ಮಾತನ್ನೂ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು, ನಿಧಾನವಾಗಿ ಒಪ್ಪಂದಕ್ಕೆ ತಂದರು. ಜಾಲಿಯನ್ನು ಅರ್ಧರ್ಧ ತೆಗೆಯುವುದು, ಸೌದೆ ಜಮೀನಿಲ್ಲದ ಮನೆಗಳಿಗೆ. ಹೂಳಿನಲ್ಲಿ ಮೊದಲ ಪಾಲು ಸ್ವಂತ ಟ್ರ್ಯಾಕ್ಟರ್ ಇಲ್ಲದ ಸಣ್ಣ ರೈತರಿಗೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ಪಟ್ಟಿಗೆ ನಮ್ಮ ಕೆರೆಯನ್ನೂ ಸೇರಿಸಿ ಅಂತ ಕೆಲವರು ಪಟ್ಟು ಹಿಡಿದರು. ತಂಡ ಸುಳ್ಳು ಭರವಸೆ ಕೊಡಲಿಲ್ಲ. ಸಣ್ಣ ನೀರಾವರಿ ಇಲಾಖೆಗೆ ಕೇಳಬೇಕಾದ ಪ್ರಶ್ನೆ ಅಂತ ಬೇರೆ ಪುಟದಲ್ಲಿ ಬರೆದರು. ಅದು ನನಗೆ ಹಿಡಿಸಿತು.

ಮಳೆ ಲೆಕ್ಕವನ್ನು ಶಾಲೆ ಮಕ್ಕಳಿಗೆ ಕಲಿಸಿಕೊಟ್ಟದ್ದು ಇನ್ನೊಂದು ಒಳ್ಳೆಯ ಕೆಲಸ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಇದು ಗೊತ್ತಾದ ಮೇಲೆ ಮಕ್ಕಳು ಮನೆಗೆ ಬಂದು ಟೊಮ್ಯಾಟೊ ತೋಟಕ್ಕೆ ಎಷ್ಟು ನೀರು ಬಿಡುತ್ತೀರಿ ಅಂತ ಅಪ್ಪಂದಿರನ್ನು ಕೇಳತೊಡಗಿದರು.

ಇನ್ನು ಕೊರತೆಗಳು. ಇವು ಸಣ್ಣವಲ್ಲ.

ಕೆರೆ ಅಂಗಳದಲ್ಲೇ ಉಳುಮೆ ಮಾಡುತ್ತಿರುವ ಕೆಲವು ಕುಟುಂಬಗಳಿವೆ. ತಂಡದವರು ಅವರನ್ನು ಕರೆಯಲಿಲ್ಲ. "ಅವರು ಬಂದರೆ ಸಭೆ ಕೆಡುತ್ತದೆ" ಅಂದರು. ನಾನು ಇದನ್ನು ಒಪ್ಪುವುದಿಲ್ಲ. ಕೆಲಸ ಶುರುವಾದ ದಿನ ಅವರೇ ಬಂದು ಜೆಸಿಬಿಗೆ ಅಡ್ಡ ನಿಂತರು. ಅವರದು ತಪ್ಪೋ ಸರಿಯೋ, ಆ ಜಾಗದ ಮೇಲೆ ಅವರ ಹೊಟ್ಟೆಪಾಡು ಇದೆ. ಮೊದಲೇ ಕೂರಿಸಿ ಮಾತಾಡಿದ್ದರೆ ಎಲ್ಲಿಯವರೆಗೆ ಬಿಡುತ್ತೀರಿ, ಬದಲಿಗೆ ಏನು ಬೇಕು ಅಂತಾದರೂ ಗೊತ್ತಾಗುತ್ತಿತ್ತು. ಒಪ್ಪುವವರನ್ನು ಮಾತ್ರ ಕೇಳಿ ಮಾಡಿದ ಯೋಜನೆ ಕೆರೆ ಏರಿ ಇಳಿಯುವಷ್ಟರಲ್ಲಿ ನಿಂತುಹೋಗುತ್ತದೆ.

ಎರಡನೆಯದು ಅಂದಾಜು ಪಟ್ಟಿ. ವರದಿಯಲ್ಲಿ ಪ್ರತಿ ಕೆಲಸಕ್ಕೂ ಖರ್ಚು ಬರೆದಿದ್ದರು. ಆದರೆ ಅದು ಇಲಾಖೆಯ ಎಸ್‌ಆರ್ ದರಕ್ಕೆ, ಅಂದರೆ ಸರ್ಕಾರಿ ಕೆಲಸಗಳಿಗೆ ಗೊತ್ತುಮಾಡಿದ ದರಪಟ್ಟಿಗೆ ಹೊಂದಲಿಲ್ಲ. ಎಂಜಿನಿಯರ್ ವಾಪಸ್ ಕಳಿಸಿದರು. ಪೂರ್ತಿ ಹೊಸದಾಗಿ ಮಾಡಿಸುವಷ್ಟರಲ್ಲಿ ಆ ವರ್ಷದ ಪಂಚಾಯಿತಿ ಯೋಜನೆಗೆ ಮೋರಿಯ ಕೆಲಸ ಸೇರಲೇ ಇಲ್ಲ. ಊರಿನವರು ಅಷ್ಟು ಹೊತ್ತು ಕೂತು ಮಾಡಿದ ತೀರ್ಮಾನ ಒಂದು ದರಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿತು. ಇದರ ಸಂಕಟ ನನಗೆ ಇನ್ನೂ ಇದೆ.

ಇನ್ನೊಂದು: ನಮ್ಮ ನಕ್ಷೆಯ ಫೋಟೊ, ಬಾವಿ ಬೋರುಗಳ ನೀರಿನ ಅಳತೆ ಎಲ್ಲ ಅವರ ಟ್ಯಾಬ್‌ನಲ್ಲೇ ಉಳಿಯಿತು. ಪದೇ ಪದೇ ಕೇಳಿ ಪ್ರಿಂಟ್ ತರಿಸಬೇಕಾಯಿತು. ಊರು ಹೇಳಿದ್ದು ಊರಲ್ಲಿ ಉಳಿಯಬೇಕು. ಈಗ ದೊಡ್ಡ ನಕ್ಷೆಯನ್ನು ಶಾಲೆಯ ಗೋಡೆಗೆ ಬಣ್ಣದಲ್ಲಿ ಬರೆಸಿದ್ದೇವೆ.

ಕರೆಸುವವರು ಒಪ್ಪಂದದಲ್ಲಿ ಇಷ್ಟನ್ನು ಬರೆಸಿಕೊಳ್ಳಿ. ಯಾರ್ಯಾರ ಜೊತೆ, ಯಾವ ಜಾಗದಲ್ಲಿ ಕೂರುತ್ತಾರೆ ಅನ್ನುವ ಪಟ್ಟಿ ಮೊದಲೇ ಇರಲಿ. ಅದರಲ್ಲಿ ವಿರೋಧಿಸುವವರ ಹೆಸರೂ ಇರಲಿ. ಪಂಚಾಯಿತಿ ಎಂಜಿನಿಯರ್ ನಡಿಗೆಯ ದಿನವೇ ಜೊತೆಗಿರಲಿ. ವಾರ್ಡ್ ಸಭೆಗೆ ಮುಂಚೆ ಕರಡು ಸಿದ್ಧವಾಗಲಿ, ಗ್ರಾಮ ಸಭೆಯ ನಡಾವಳಿಯಲ್ಲಿ ಅದು ದಾಖಲಾಗುವವರೆಗೂ ತಂಡ ಊರಿಗೆ ಬರುತ್ತಿರಲಿ. ನೀರಗಂಟಿಗೆ ಆ ದಿನಗಳ ಕೂಲಿ ಕೊಡಿ, ಅವರದು ಪುಕ್ಕಟೆ ಜ್ಞಾನ ಅಲ್ಲ.

ನಮ್ಮಲ್ಲಿ ಈಗ ತೂಬು ರಿಪೇರಿ ಆಗಿದೆ. ನೀಲಗಿರಿ ತೋಪಿನ ಕಾಲುವೆ ಬಿಡಿಸಿದ್ದಾರೆ. ಮೋರಿ ಹಾಗೇ ಇದೆ, ಈ ಸಲದ ಯೋಜನೆಯಲ್ಲಿ ಮೊದಲ ಸಾಲಿನಲ್ಲಿ ಸೇರಿಸಿದ್ದೇವೆ. ಅದೇ ತಂಡವನ್ನು ಮತ್ತೆ ಕರೆಯುತ್ತಿದ್ದೇವೆ, ಕೆರೆ ಅಂಗಳದ ಕುಟುಂಬಗಳ ಜೊತೆ ಕೂತು ಮಾತಾಡಲು. ಶುಲ್ಕದ ಕಾಲು ಭಾಗವನ್ನು ಗ್ರಾಮ ಸಭೆ ಮುಗಿದ ಮೇಲೆ ಕೊಡುತ್ತೇವೆ ಅಂದಿದ್ದೇವೆ, ಅವರು ಒಪ್ಪಿದ್ದಾರೆ.