ನೊರೆ ಕಡಿಮೆ, ವಾಸನೆ ಇಲ್ಲ: ಮಗಳ ಸೂಕ್ಷ್ಮ ಚರ್ಮಕ್ಕೆ ಸಿಂಡೆಟ್ ಬಾರ್

ಮೊದಲೇ ಹೇಳಿಬಿಡುತ್ತೇನೆ, ಇದು ಮಜಾ ಕೊಡುವ ಸೋಪಲ್ಲ. ಬಿಳಿ ಬಾರ್, ಬಣ್ಣ ಇಲ್ಲ, ಪರಿಮಳ ಇಲ್ಲ, ನೊರೆಯಂತೂ ಬರಲೋ ಬೇಡವೋ ಅನ್ನುವ ಹಾಗೆ ಬರುತ್ತದೆ. ಮಗಳು ಇನ್ನೂ ತಪ್ಪು ಹೆಜ್ಜೆ ಹಾಕುತ್ತಿದ್ದಾಗ ಶುರು ಮಾಡಿದ್ದು. ಈಗ ಅವಳು ಶಾಲೆಗೆ ಹೋಗುತ್ತಾಳೆ, ಇನ್ನೂ ಅದೇ ಥರದ ಬಾರ್ ನಡೆಯುತ್ತಿದೆ. ಅವಳದು ಎಕ್ಸಿಮಾ ಇರುವ ಚರ್ಮ. ಮೊಣಕೈ ಒಳಭಾಗ, ಮಂಡಿ ಹಿಂದೆ, ಕತ್ತಿನ ಮಡಿಕೆ ಎಲ್ಲ ಒಣಗಿ ಕೆಂಪಾಗುತ್ತಿತ್ತು, ರಾತ್ರಿಯಿಡೀ ಕೆರೆತ. ಬ್ರ್ಯಾಂಡ್ ಹೆಸರು ಬೇಕಂತಲೇ ಹೇಳುತ್ತಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಸಿಂಡೆಟ್ ಅಂದರೆ ಏನು ಅಂತ ಕೇಳುವವರಿಗೆ: ನೋಡಲು ಸೋಪಿನ ಹಾಗೇ ಇರುತ್ತದೆ, ಆದರೆ ಸೋಪಲ್ಲ. ಸೋಪು ಮಾಡುವುದು ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿಸಿ. ಅದರ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸಾಮಾನ್ಯವಾಗಿ 9ರಿಂದ 10. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, 5ರ ಆಸುಪಾಸು. ಆರೋಗ್ಯವಾಗಿರುವ ಚರ್ಮ ಸೋಪಿನಿಂದಾದ ಏರುಪೇರನ್ನು ಕೆಲವು ಗಂಟೆಗಳಲ್ಲಿ ಸರಿ ಮಾಡಿಕೊಳ್ಳುತ್ತದೆ, ಎಕ್ಸಿಮಾ ಇರುವ ಮಗುವಿನ ಚರ್ಮಕ್ಕೆ ಅದೇ ಕಷ್ಟ. ಸಿಂಡೆಟ್ ಬಾರಿನಲ್ಲಿ ಬೇರೆ ಥರದ, ಮೃದುವಾದ ಶುಚಿಕಾರಕ ಇರುತ್ತದೆ, ಪಿಎಚ್ ಅನ್ನೂ ಚರ್ಮಕ್ಕೆ ಹತ್ತಿರ ತಂದಿಡಬಹುದು. ಗುರುತಿಸುವುದು ಸುಲಭ. ಪೊಟ್ಟಣದ ಹಿಂಭಾಗ ನೋಡಿ. ಪಟ್ಟಿಯ ಮೊದಲಲ್ಲೇ ಸೋಡಿಯಂ ಪಾಮೇಟ್, ಸೋಡಿಯಂ ಟ್ಯಾಲೋವೇಟ್ ಅಂತಿದ್ದರೆ ಅದು ಸೋಪೇ, ಮುಂದೆ ಮುದ್ದಾದ ಪಾಪುವಿನ ಚಿತ್ರ ಇದ್ದರೂ ಅಷ್ಟೇ. ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಅಂತ ಮೊದಲಿದ್ದರೆ ಸಿಂಡೆಟ್. ಎರಡನ್ನೂ ಬೆರೆಸಿದ ಬಾರುಗಳೂ ಇವೆ, ಹಾಗಾಗಿ ಒಂದು ಹೆಸರು ಕಂಡ ತಕ್ಷಣ ನಿಲ್ಲಿಸಬೇಡಿ, ಮುಂದಿನ ನಾಲ್ಕೈದು ಹೆಸರನ್ನೂ ಓದಿ. ಕೈಯಲ್ಲಿ ಮಾಡಿದ 'ನೈಸರ್ಗಿಕ' ಸೋಪು ಅಂತ ತುಂಬಾ ಜನ ಸಲಹೆ ಕೊಡುತ್ತಾರೆ, ಅದೂ ಎಣ್ಣೆ ಮತ್ತು ಕ್ಷಾರದಿಂದಲೇ ಆದದ್ದು, ಪಿಎಚ್ ಏನೂ ಇಳಿಯುವುದಿಲ್ಲ.

ಲಿಕ್ವಿಡ್ ಬಿಟ್ಟು ಬಾರನ್ನೇ ಯಾಕೆ ಹಿಡಿದೆ ಅಂದರೆ ಪ್ರಿಸರ್ವೇಟಿವ್ ಕಾರಣಕ್ಕೆ. ನೀರು ಜಾಸ್ತಿ ಇರುವ ಯಾವುದೇ ವಸ್ತು ಕೆಡದಿರಲು ಏನಾದರೂ ಹಾಕಲೇಬೇಕು. ಹಾಗೆ ಹಾಕುವವುಗಳಲ್ಲಿ ಮೀಥೈಲ್‌ಐಸೊಥಯಾಜೊಲಿನೋನ್ ಅನ್ನುವುದು ಎಷ್ಟು ಅಲರ್ಜಿ ತಂದಿತು ಅಂದರೆ, ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ (ಚರ್ಮದ ಅಲರ್ಜಿ ತಜ್ಞರ ಸಂಘ) 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಅಂತ ಘೋಷಿಸಿತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ಹಾಕುವಂತಿಲ್ಲ ಅಂತ ಯುರೋಪಿಯನ್ ಒಕ್ಕೂಟದಲ್ಲಿ 2017ರಿಂದ ನಿಯಮ ಇದೆ. ತೊಳೆದು ಬಿಡುವ ಶಾಂಪೂ, ಬಾಡಿ ವಾಶ್‌ಗಳಲ್ಲಿ ಸ್ವಲ್ಪ ಪ್ರಮಾಣಕ್ಕೆ ಈಗಲೂ ಅವಕಾಶ ಇದೆ. ಬಾರಿನಲ್ಲಿ ನೀರು ತೀರಾ ಕಡಿಮೆ, ಆದ್ದರಿಂದ ಈ ತಲೆನೋವೂ ಕಡಿಮೆ.

ಇನ್ನು ವಾಸನೆ. ನನ್ನ ಪ್ರಕಾರ ಸೂಕ್ಷ್ಮ ಚರ್ಮದ ಮಗುವಿಗೆ ಮೊದಲು ಬಿಡಬೇಕಾದದ್ದು ಇದನ್ನೇ. ಪಟ್ಟಿಯಲ್ಲಿ ಫ್ರ್ಯಾಗ್ರೆನ್ಸ್ ಅಥವಾ ಪರ್ಫ್ಯೂಮ್ ಅನ್ನುವ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕ ಅಡಗಿರಬಹುದು. ಇದರಲ್ಲೂ ಒಂದು ಮೋಸದಂಥ ವಿಷಯ ಇದೆ. 'ಅನ್‌ಸೆಂಟೆಡ್' ಅಂತ ಬರೆದಿದ್ದರೆ ವಾಸನೆ ಬರುವುದಿಲ್ಲ, ಆದರೆ ಬೇರೆ ಪದಾರ್ಥಗಳ ವಾಸನೆ ಮುಚ್ಚಲು ಒಂದು ಸುಗಂಧ ಸೇರಿಸಿರಬಹುದು. ನಮಗೆ ಬೇಕಾದದ್ದು 'ಫ್ರ್ಯಾಗ್ರೆನ್ಸ್ ಫ್ರೀ'. ಲ್ಯಾವೆಂಡರ್ ಎಣ್ಣೆ ಗಿಡದಿಂದ ಬಂದದ್ದಲ್ವಾ, ಅದಕ್ಕೇನು ಅಂತ ಕೇಳಬಹುದು. ಅದರಲ್ಲಿರುವ ಲಿನಲೂಲ್ ಅನ್ನುವ ಸುಗಂಧದ ಅಂಶ ಗಾಳಿ ತಾಗಿ ಆಕ್ಸಿಡೈಸ್ ಆದಾಗ ಒಳ್ಳೆ ಅಲರ್ಜಿಕಾರಕವೇ ಆಗುತ್ತದೆ. ಚರ್ಮಕ್ಕೆ ಅದು ಗಿಡದ್ದೋ ಕಾರ್ಖಾನೆಯದ್ದೋ ಗೊತ್ತಾಗುವುದಿಲ್ಲ.

ತಿನ್ನುವ ಪದಾರ್ಥ ಹಾಕಿದ ಸೋಪುಗಳ ಬಗ್ಗೆಯೂ ನನಗೆ ಭಯ. ಜಪಾನಿನಲ್ಲಿ ಹೈಡ್ರೊಲೈಸ್ಡ್ (ಸಣ್ಣ ಸಣ್ಣ ತುಂಡಾಗಿ ಒಡೆದ) ಗೋಧಿ ಪ್ರೋಟೀನ್ ಇದ್ದ ಒಂದು ಮುಖದ ಸೋಪು ಬಳಸಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಅಂಟಿಕೊಂಡಿತು, ಅದುವರೆಗೆ ಗೋಧಿ ಆರಾಮಾಗಿ ತಿನ್ನುತ್ತಿದ್ದವರಿಗೆ. ಬಿರುಕು ಬಿಟ್ಟ ಚರ್ಮದ ಮೇಲೆ ಆಹಾರದ ಪ್ರೋಟೀನ್ ಉಜ್ಜುವುದು ಯಾಕೆ ಸುಮ್ನೆ?

'ಹೈಪೊಅಲರ್ಜೆನಿಕ್' ಅನ್ನುವ ಪದಕ್ಕೆ ನಾನು ಬೆಲೆ ಕೊಡುವುದನ್ನು ಬಿಟ್ಟಿದ್ದೇನೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಈ ಪದಕ್ಕೆ ಯಾವ ಸರ್ಕಾರಿ ಮಾನದಂಡವೂ ಇಲ್ಲ ಅಂತ ಹೇಳುತ್ತದೆ. ಕಂಪನಿಯವರು ಅದಕ್ಕೆ ಏನು ಅರ್ಥ ಕೊಟ್ಟರೆ ಅದೇ ಅರ್ಥ. 'ಕಣ್ಣೀರು ಬರಿಸದು' ಅಂದರೆ ಕಣ್ಣು ಉರಿಯುವುದಿಲ್ಲ ಅಂತ ಅಷ್ಟೇ, ಚರ್ಮಕ್ಕೆ ಆಗಿಬರುತ್ತದೆ ಅಂತಲ್ಲ. ಅಂಥ ಶಾಂಪೂಗಳಲ್ಲಿ ಸಾಮಾನ್ಯವಾಗಿರುವ ಕೊಕಾಮಿಡೊಪ್ರೊಪೈಲ್ ಬೀಟೇನ್ ಹೆಚ್ಚಿನ ಮಕ್ಕಳಿಗೆ ಏನೂ ಮಾಡುವುದಿಲ್ಲ, ಆದರೆ 2004ರ ವರ್ಷದ ಅಲರ್ಜಿಕಾರಕ ಅದೇ.

ಸರಿ, ಇಷ್ಟು ವರ್ಷ ಬಳಸಿ ಏನಾಯಿತು? ಸ್ನಾನ ಆದಮೇಲೆ ಚರ್ಮ ಬಿಗಿಯುವುದು, ಕಾಲಿನ ಮೇಲೆ ಬಿಳಿ ಬಿಳಿ ಗೆರೆ ಏಳುವುದು ನಿಂತಿತು. ನೀರು ಹಾಕಿದರೆ ಉರಿ ಅಂತ ಅಳುತ್ತಿದ್ದವಳು ಈಗ ಬಚ್ಚಲಿನಿಂದ ಹೊರಗೆ ಬರುವುದಿಲ್ಲ. ಎಕ್ಸಿಮಾ ಹೋಯಿತಾ? ಇಲ್ಲ. ಬಾರಿನಿಂದ ಅದು ಹೋಗುವುದೂ ಇಲ್ಲ. ಕೆಂಪು ಕೆರಳಿದಾಗ ಕೆಲಸ ಮಾಡಿದ್ದು ಡಾಕ್ಟರ್ ಕೊಟ್ಟ ಮುಲಾಮು, ದಿನನಿತ್ಯ ಕಾಪಾಡಿದ್ದು ದಪ್ಪ ಮಾಯಿಶ್ಚರೈಸರ್. ಬಾರ್ ಮಾಡಿದ್ದು ಇಷ್ಟೇ, ಆ ಎರಡೂ ಮಾಡಿದ ಕೆಲಸವನ್ನು ದಿನಾ ಬೆಳಿಗ್ಗೆ ಕೆಡಿಸಲಿಲ್ಲ. ಅಷ್ಟು ಸಾಕು ನನಗೆ.

ಬಳಸುವ ರೀತಿ ಸೋಪಿಗಿಂತ ಮುಖ್ಯ ಅಂತ ನನಗೀಗ ಅನಿಸುತ್ತದೆ. ನೀರು ಉಗುರುಬೆಚ್ಚಗೆ, ಐದರಿಂದ ಹತ್ತು ನಿಮಿಷದಲ್ಲಿ ಸ್ನಾನ ಮುಗಿಯಬೇಕು. ಬಾರ್ ಕೊನೆಯಲ್ಲಿ, ಅದೂ ಕಂಕುಳು, ತೊಡೆಸಂದು, ಕೈ, ಪಾದಕ್ಕೆ ಮಾತ್ರ. ಮಣ್ಣಲ್ಲಿ ಹೊರಳಾಡಿ ಬಂದ ದಿನ ಬಿಟ್ಟರೆ ಉಳಿದ ಮೈಗೆ ಬರೀ ನೀರು ಸಾಕು. ಉಜ್ಜಲು ಸ್ಕ್ರಬ್ಬರ್ ಬೇಡ. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ತೇವ ಇರುವಾಗಲೇ ಎರಡು ಮೂರು ನಿಮಿಷದೊಳಗೆ ಮಾಯಿಶ್ಚರೈಸರ್. ಸ್ನಾನದ ನೀರಿಗೆ ಸುರಿಯುವ, ಚರ್ಮ ಮೃದು ಮಾಡುವ ಎಮೋಲಿಯೆಂಟ್ ಎಣ್ಣೆ ಬಾಟಲಿಗಳನ್ನು ನಾನು ಕೊಳ್ಳಲೇ ಇಲ್ಲ. ಬ್ರಿಟನ್ನಿನಲ್ಲಿ 480ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ಮಾಯಿಶ್ಚರೈಸರ್ ಹಚ್ಚುತ್ತಿರುವ ಮಕ್ಕಳಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಟಬ್ ಜಾರುವುದು ಬೇರೆ.

ಈಗ ದೂರುಗಳು. ಬೇಗ ಕರಗಿ ಲೊಳೆಲೊಳೆ ಆಗುತ್ತದೆ, ನೀರು ಸೋರುವ ಸೋಪಿನ ತಟ್ಟೆ ಇಲ್ಲದಿದ್ದರೆ ಅರ್ಧ ಬಾರ್ ಚರಂಡಿ ಪಾಲು. ನಾನು ತುಂಡು ಮಾಡಿ ಒಂದೊಂದೇ ತೆಗೆಯುತ್ತೇನೆ. ಮಾಮೂಲಿ ಸೋಪಿಗಿಂತ ಬೆಲೆ ಜಾಸ್ತಿ. ಕೂದಲಿಗೆ ಆಗುವುದಿಲ್ಲ, ಅಂಟಂಟಾಗುತ್ತದೆ, ಅದಕ್ಕೆ ವಾಸನೆ ಇಲ್ಲದ ಶಾಂಪೂ ಬೇರೆ ಬೇಕು. ಶಾಂಪೂ ನೀರು ಮೈಮೇಲೆ ಇಳಿಯದ ಹಾಗೆ ತಲೆ ಬಗ್ಗಿಸಿ ತೊಳೆಯಬೇಕು. ದಪ್ಪ ಸನ್‌ಸ್ಕ್ರೀನ್ ಒಂದೇ ಸಲಕ್ಕೆ ಹೋಗುವುದಿಲ್ಲ. ಮಗಳ ದೂರು ಒಂದೇ, ಗುಳ್ಳೆ ಬರಲ್ಲ. ಬಬಲ್ ಬಾತ್ ಕೊಡಿಸಿ ಅಂತ ಹಠ. ಅದಕ್ಕೆ ಮಾತ್ರ ಒಪ್ಪಿಲ್ಲ. ಗುಳ್ಳೆ ಬರಿಸುವ ಡಿಟರ್ಜೆಂಟ್ ನೀರಲ್ಲಿ ಅಷ್ಟು ಹೊತ್ತು ಮುಳುಗಿ ಕೂರುವುದು ಅಂದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ದೊಡ್ಡ ದೂರು ಕಂಪನಿಯ ಮೇಲೆ. ಮಧ್ಯದಲ್ಲಿ ಒಮ್ಮೆ ಸದ್ದಿಲ್ಲದೆ ಫಾರ್ಮುಲಾ ಬದಲಿಸಿದರು. ಪೊಟ್ಟಣದ ಬಣ್ಣ ಅದೇ, ಹೆಸರು ಅದೇ, ಹಿಂದೆ ಪಟ್ಟಿಯ ಕೊನೆಯಲ್ಲಿ ಪರ್ಫ್ಯೂಮ್ ಬಂದು ಕೂತಿತ್ತು. ತೆರೆದಾಗ ಮೂಗಿಗೆ ಬಡಿಯಿತು, ಹಾಗಾಗಿ ಗೊತ್ತಾಯಿತು. ಬೇರೆ ತಯಾರಕರ ಬಾರಿಗೆ ಬದಲಾಯಿಸಿಕೊಂಡೆ, ಪದಾರ್ಥ ಹೆಚ್ಚು ಕಡಿಮೆ ಹಳೆಯದರದ್ದೇ. ಬ್ರ್ಯಾಂಡ್ ಹೇಳದಿರಲು ಇದೇ ಕಾರಣ. ನಾನು ಹೇಳಿದ ಹೆಸರು ನೀವು ಕೊಳ್ಳುವ ಹೊತ್ತಿಗೆ ಬೇರೆ ವಸ್ತುವೇ ಆಗಿರಬಹುದು.

ಹೊಸ ಬಾರ್ ತಂದರೆ ಈಗಲೂ ಮುಂಗೈ ಒಳಭಾಗದಲ್ಲಿ ಸ್ವಲ್ಪ ಜಾಗಕ್ಕೆ ಕೆಲವು ದಿನ ಹಚ್ಚಿ ತೊಳೆದು ನೋಡಿ ಆಮೇಲೆ ಮೈಗೆ. ಚರ್ಮದಿಂದ ನೀರು ಒಸರುತ್ತಿದ್ದರೆ, ಹಳದಿ ಹೆಪ್ಪು ಕಟ್ಟಿದ್ದರೆ ಸೋಪು ಬದಲಿಸುತ್ತಾ ಕೂರಬೇಡಿ, ಅದು ಸೋಂಕು ಇರಬಹುದು, ಡಾಕ್ಟರಿಗೆ ತೋರಿಸಿ. ಬಾರಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ಲೊಳೆಗೆ.