ರಿಪೇರಿಯಾಗಿ ಬಂದ ಮೋವರ್ ಓಡಿಸುವ ಮುಂಚೆ ಸೀಟಿನ ಕೆಳಗೆ ಒಮ್ಮೆ ನೋಡಿ

ಕೂತು ಓಡಿಸುವ ಲಾನ್ ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ಬಳಸುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಯಂತ್ರ ಇತ್ತೀಚೆಗೆ ರಿಪೇರಿಗೆ ಹೋಗಿ ಬಂದಿದ್ದರೆ ಅಥವಾ ಯಾರೋ ಬಳಸಿದ್ದನ್ನು ಕೊಂಡಿದ್ದರೆ ಇನ್ನೂ ಮುಖ್ಯ. ನಮ್ಮ ಜೊತೆ ಕೆಲಸ ಮಾಡುವವರೊಬ್ಬರ ಬಲಗೈಯಲ್ಲಿ ಎರಡು ಬೆರಳುಗಳ ತುದಿ ಹೋಯಿತು. ಆ ಯಂತ್ರದಲ್ಲಿ ಒಂದು ಸಣ್ಣ ವೈರ್ ತುಂಡು ಇರಬಾರದ ಜಾಗದಲ್ಲಿತ್ತು. ಅದನ್ನು ಹಾಕಿದ್ದು ಮೆಕ್ಯಾನಿಕ್. ಹಾಕಿದ್ದೇನೆ ಅಂತ ನಮಗೆ ಹೇಳಿರಲಿಲ್ಲ.

ನಮ್ಮದು ಆಟದ ಮೈದಾನಗಳ ಹುಲ್ಲು ನೋಡಿಕೊಳ್ಳುವ ಕೆಲಸ. ಈ ಮೋವರಿನ ಇಂಜಿನ್ ನಡುನಡುವೆ ತಾನಾಗಿ ನಿಂತುಬಿಡುತ್ತಿತ್ತು. ನೆಲ ಏರುಪೇರಾಗಿರುವ ಕಡೆ ಜಾಸ್ತಿ. ತೂಕ ಕಡಿಮೆ ಇರುವವರು ಓಡಿಸಿದರೆ ಇನ್ನೂ ಜಾಸ್ತಿ. ವರ್ಕ್‌ಶಾಪಿಗೆ ಕಳಿಸಿದೆವು. ಸರಿಯಾಗಿದೆ ಅಂತ ವಾಪಸ್ ಬಂತು. ಬಿಲ್ಲಿನಲ್ಲಿ "ಎಲೆಕ್ಟ್ರಿಕಲ್ ಕೆಲಸ" ಅಂತ ಒಂದು ಸಾಲು, ಅಷ್ಟೆ. ಆಮೇಲೆ ಇಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಎಲ್ಲರಿಗೂ ಖುಷಿ.

ಮುಂದಿನದು ಅರ್ಥವಾಗಬೇಕಾದರೆ ಸೀಟ್ ಸ್ವಿಚ್ ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಗೊತ್ತಿದ್ದವರು ಈ ಪ್ಯಾರಾ ಬಿಟ್ಟು ಹೋಗಬಹುದು. ಸೀಟಿನ ಅಡಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ನಾವು ಕೂತರೆ ನಮ್ಮ ಭಾರಕ್ಕೆ ಅದು ಒತ್ತಿಕೊಳ್ಳುತ್ತದೆ. ಬ್ಲೇಡ್ ತಿರುಗುತ್ತಿರುವಾಗ ಸೀಟಿನಿಂದ ಎದ್ದರೆ ಇಂಜಿನ್ ಆಫ್ ಆಗುತ್ತದೆ. ಆದರೆ ಬ್ಲೇಡ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ ಎದ್ದರೆ ಇಂಜಿನ್ ನಿಲ್ಲುವುದಿಲ್ಲ. ಅದು ಸರಿಯಾದ ನಡವಳಿಕೆಯೇ. ಬ್ಲೇಡ್ ಆಫ್ ಆಗಿದೆಯೋ ಇಲ್ಲವೋ ಅನ್ನುವುದನ್ನು ಬ್ಲೇಡ್ ಲಿವರ್ ಹತ್ತಿರ ಇರುವ ಇನ್ನೊಂದು ಸ್ವಿಚ್ ಹೇಳುತ್ತದೆ. ಈ ಎರಡೂ ಸೇರಿ ಒಂದೇ ಕಾವಲು. ಒಂದನ್ನು ಕಿತ್ತರೆ ಇನ್ನೊಂದು ಇದ್ದೂ ಇಲ್ಲದ ಹಾಗೆ.

ಆ ದಿನ ಹುಲ್ಲು ಒದ್ದೆ ಇತ್ತು. ಒದ್ದೆ ಹುಲ್ಲು ಡೆಕ್ಕಿನೊಳಗೆ, ಅಂದರೆ ಬ್ಲೇಡನ್ನು ಮುಚ್ಚಿರುವ ಹೊದಿಕೆಯೊಳಗೆ ಅಂಟಿಕೊಂಡು, ಹುಲ್ಲು ಹೊರಗೆ ಬೀಳುವ ಬಾಯಿ ಕಟ್ಟಿಕೊಂಡಿತು. ನಮ್ಮ ಸಹೋದ್ಯೋಗಿ ಇಂಜಿನ್ ಆಫ್ ಮಾಡದೆ ಗಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ಬ್ಲೇಡ್ ಲಿವರ್ ಕೆಳಗೆ ತಳ್ಳಿ ಇಳಿದರು. ಲಿವರ್ ಪೂರ್ತಿ ಕೆಳಗೆ ಹೋಗಿರಲಿಲ್ಲ. ಅದು ಓಡಾಡುವ ಸಂದಿಯಲ್ಲಿ ಹುಲ್ಲು, ಮಣ್ಣು ಸೇರಿ ಗಟ್ಟಿಯಾಗಿತ್ತು. ಲಿವರ್ ಅರ್ಧದಲ್ಲೇ ನಿಂತು, ಬೆಲ್ಟ್ ಬ್ಲೇಡನ್ನು ಎಳೆಯುತ್ತಲೇ ಇತ್ತು. ಸೀಟ್ ಸ್ವಿಚ್ ಸರಿ ಇದ್ದಿದ್ದರೆ ಅವರು ಎದ್ದ ಕ್ಷಣವೇ ಇಂಜಿನ್ ನಿಲ್ಲುತ್ತಿತ್ತು. ಲಿವರ್ ಆಫ್ ಆಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಇಂಜಿನ್ ನಿಲ್ಲಲಿಲ್ಲ. ಅಂದರೆ ಬ್ಲೇಡ್ ಆಫ್ ಆಗಿದೆ ಅಂತ ಅವರು ತಿಳಿದರು. ಆ ಯಂತ್ರ ಅವರಿಗೆ ಅಷ್ಟು ವರ್ಷ ಕಲಿಸಿದ್ದೂ ಅದನ್ನೇ ಅಲ್ವಾ? ಕಿವಿಗೆ ಇಯರ್ ಮಫ್ ಇತ್ತು, ಬ್ಲೇಡಿನ ಸದ್ದು ಬೇರೆಯಾಗಿ ಕೇಳುವ ಹಾಗಿರಲಿಲ್ಲ. ಡೆಕ್ಕಿನ ಬಾಯಿ ತುಂಬ ಹುಲ್ಲು ತುಂಬಿತ್ತು, ಬ್ಲೇಡ್ ಕಾಣುವ ಹಾಗೂ ಇರಲಿಲ್ಲ. ಗ್ಲೌಸ್ ಹಾಕಿದ ಕೈಯಿಂದ ಹುಲ್ಲು ಎಳೆದರು.

ಗ್ಲೌಸ್ ಬಗ್ಗೆ ಒಂದು ಮಾತು. ಕೈಗವಚ ಇದ್ದರೆ ಸ್ವಲ್ಪವಾದರೂ ಉಳಿಯುತ್ತದೆ ಅಂತ ಸುಮಾರು ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. 50 ಸೆಂಟಿಮೀಟರ್ ಉದ್ದದ ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 78 ಮೀಟರ್ ಓಡುತ್ತದೆ. ಗಂಟೆಗೆ 280 ಕಿಲೋಮೀಟರ್ ಆಯಿತು. ಕೈ ಹಿಂದೆ ಎಳೆದುಕೊಳ್ಳೋಣ ಅಂತ ಅನ್ನಿಸುವಷ್ಟರಲ್ಲಿ ಬ್ಲೇಡ್ ಹಲವು ಸುತ್ತು ಮುಗಿಸಿರುತ್ತದೆ. ಬಟ್ಟೆ, ಚರ್ಮ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಬ್ಲೇಡ್ ಹರಿತ ಮಾಡುವಾಗ, ಬಿಚ್ಚಿ ಹಾಕುವಾಗ ದಪ್ಪ ಗ್ಲೌಸ್ ಬೇಕು, ನಿಜ. ತಿರುಗುವ ಬ್ಲೇಡಿಗೆ ಅದು ಉತ್ತರ ಅಲ್ಲ.

ಆಸ್ಪತ್ರೆಯಲ್ಲಿ ತುದಿಗಳನ್ನು ಮತ್ತೆ ಜೋಡಿಸಲು ಆಗಲಿಲ್ಲ. ಮೋವರ್ ಬ್ಲೇಡ್ ಚಾಕುವಿನ ಹಾಗೆ ನೀಟಾಗಿ ಕತ್ತರಿಸುವುದಿಲ್ಲ. ಜಜ್ಜುತ್ತದೆ, ಜೊತೆಗೆ ಮಣ್ಣು ಹುಲ್ಲನ್ನೂ ಗಾಯದೊಳಗೆ ತುಂಬುತ್ತದೆ. ಆದರೂ ಇಂಥದ್ದು ಯಾರಿಗಾದರೂ ಆದರೆ ತುಂಡಾದ ಭಾಗವನ್ನು ಬಿಟ್ಟು ಹೋಗಬೇಡಿ. ಮೊದಲು ಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈ ಮೇಲಕ್ಕೆ ಎತ್ತಿಸಿ. ತುಂಡಾದ ಭಾಗವನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ಮೇಲೆ ಇಡಿ. ಐಸ್ ನೇರವಾಗಿ ತಾಗಬಾರದು. ನೀರಿನಲ್ಲಿ ಮುಳುಗಿಸಿಡಲೂ ಬಾರದು. ಜೋಡಿಸಲು ಆಗುತ್ತದೋ ಇಲ್ಲವೋ ಅಂತ ಹೇಳುವುದು ವೈದ್ಯರ ಕೆಲಸ.

ಆಮೇಲೆ ಸೀಟ್ ಎತ್ತಿ ನೋಡಿದೆವು. ಸ್ವಿಚ್ಚಿನಿಂದ ಪ್ಲಗ್ ಕಿತ್ತಿತ್ತು. ಪ್ಲಗ್ಗಿನ ಎರಡು ತೂತುಗಳಿಗೆ ಒಂದು ವೈರ್ ತುಂಡು ಸಿಕ್ಕಿಸಿ, ಮೇಲೆ ಕಪ್ಪು ಟೇಪ್ ನೀಟಾಗಿ ಸುತ್ತಿದ್ದರು. ಸೀಟ್ ಖಾಲಿ ಇದ್ದರೂ ಯಾರೋ ಕೂತಿದ್ದಾರೆ ಅಂತಲೇ ಯಂತ್ರ ತಿಳಿದುಕೊಳ್ಳುತ್ತಿತ್ತು. ವರ್ಕ್‌ಶಾಪಿಗೆ ಹೋಗಿ ಕೇಳಿದರೆ ಸಿಕ್ಕ ಉತ್ತರ ಇದು: "ಇಂಜಿನ್ ನಿಲ್ಲುತ್ತೆ ಅಂತ ನೀವೇ ಕಂಪ್ಲೇಂಟ್ ಕೊಟ್ರಲ್ಲ ಸಾರ್. ಈಗ ನಿಲ್ಲಲ್ಲ ಅಲ್ವಾ? ಎಲ್ಲರೂ ಹೀಗೇ ಮಾಡಿಸ್ಕೊಳ್ಳೋದು."

ಈ ಕೊನೆಯ ಮಾತೇ ನನ್ನನ್ನು ಇದನ್ನು ಬರೆಯಲು ಕೂರಿಸಿದ್ದು. ಎಲ್ಲರೂ ಅಲ್ಲದಿದ್ದರೂ ತುಂಬ ಜನ ಹೀಗೆ ಮಾಡಿಸಿಕೊಳ್ಳುತ್ತಾರೆ, ಸುಳ್ಳಲ್ಲ. ಇಂಜಿನ್ ಪದೇ ಪದೇ ನಿಂತರೆ ಕೆಲಸ ಸಾಗುವುದಿಲ್ಲ, ಸಿಟ್ಟು ಬರುತ್ತದೆ. ಆದರೆ ಅದಕ್ಕೆ ನಿಜವಾದ ಕಾರಣಗಳಿರುತ್ತವೆ. ಸೀಟಿನ ಸ್ಪ್ರಿಂಗ್ ಸೋತಿರಬಹುದು. ಓಡಿಸುವವರ ತೂಕಕ್ಕೆ ಸೀಟ್ ಹೊಂದಿಸದೇ ಇರಬಹುದು. ಪ್ಲಗ್ಗಿನ ಪಿನ್ನುಗಳಿಗೆ ತುಕ್ಕು ಹಿಡಿದಿರಬಹುದು. ಸ್ವಿಚ್ಚೇ ಕೆಟ್ಟಿರಬಹುದು. ನಮ್ಮದರಲ್ಲಿ ಸ್ಪ್ರಿಂಗ್ ಸೋತಿತ್ತು, ಪಿನ್ನಿಗೆ ತುಕ್ಕೂ ಹಿಡಿದಿತ್ತು. ಬೇರೆ ಕಡೆ ತೋರಿಸಿದಾಗ ಎರಡೂ ಸರಿಯಾದವು. ಸೀಟ್ ಸ್ವಿಚ್ ಅಂಥ ದೊಡ್ಡ ಭಾಗವೂ ಅಲ್ಲ, ಬಿಚ್ಚಿ ಹಾಕಲು ಕಷ್ಟವೂ ಅಲ್ಲ. ಆ ಕೆಲಸ ಬೇಡ ಅಂತ ವೈರ್ ಸಿಕ್ಕಿಸುವುದು ರಿಪೇರಿ ಅಲ್ಲ, ದೂರು ಕೊಟ್ಟವರ ಬಾಯಿ ಮುಚ್ಚಿಸುವುದು.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಟೂಲ್ಸ್ ಏನೂ ಬೇಡ. ಸಮತಟ್ಟಾದ ಖಾಲಿ ಜಾಗ ಸಾಕು, ಸುತ್ತಮುತ್ತ ಯಾರೂ ಇರಬಾರದು. ಮೊದಲು ಸೀಟಿನಲ್ಲಿ ಕೂತು, ಬ್ಲೇಡ್ ಲಿವರ್ ಆನ್ ಇಟ್ಟು ಕೀ ತಿರುಗಿಸಿ. ಇಂಜಿನ್ ಸ್ಟಾರ್ಟ್ ಆಗಲೇಬಾರದು. ಬ್ಲೇಡ್ ಆಫ್ ಇಟ್ಟು, ಬ್ರೇಕ್ ಬಿಟ್ಟು ತಿರುಗಿಸಿ. ಆಗಲೂ ಸ್ಟಾರ್ಟ್ ಆಗಬಾರದು. ಇನ್ನು ಸರಿಯಾಗಿ ಸ್ಟಾರ್ಟ್ ಮಾಡಿ, ಬ್ರೇಕ್ ಹಾಕಿ, ಬ್ಲೇಡ್ ಆನ್ ಮಾಡಿ, ಸೀಟಿನಿಂದ ಸ್ವಲ್ಪವೇ ಮೇಲಕ್ಕೆ ಏಳಿ. ಇಳಿಯಬೇಡಿ, ಕಾಲು ಯಂತ್ರದ ಮೇಲೇ ಇರಲಿ. ಒಂದೆರಡು ಕ್ಷಣದಲ್ಲಿ ಇಂಜಿನ್ ನಿಲ್ಲಬೇಕು. ಕೊನೆಗೆ ಬ್ಲೇಡ್ ಆಫ್ ಮಾಡಿ, ಬ್ರೇಕ್ ಬಿಟ್ಟು, ಗಾಡಿ ಚಲಿಸದೇ ಇರುವಾಗ ಹಾಗೇ ಎದ್ದು ನೋಡಿ. ಆಗಲೂ ನಿಲ್ಲಬೇಕು. ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿ ಹೇಗೆ ಅಂತ ಬರೆದಿರುತ್ತಾರೆ. ಒಂದು ಪರೀಕ್ಷೆಯಲ್ಲಿ ಫೇಲ್ ಆದರೂ ಕೀ ತೆಗೆದು ಜೇಬಿಗೆ ಹಾಕಿಕೊಂಡು, "ಓಡಿಸಬೇಡಿ" ಅಂತ ಚೀಟಿ ಕಟ್ಟಿ ನಿಲ್ಲಿಸಿ. ಚೀಟಿ ಮಾತ್ರ ಕಟ್ಟಿ ಕೀ ಅಲ್ಲೇ ಬಿಟ್ಟರೆ ಯಾರಾದರೂ ಐದು ನಿಮಿಷದ ಕೆಲಸ ಅಂತ ಹತ್ತಿ ಕೂರುತ್ತಾರೆ.

ತಳ್ಳಿಕೊಂಡು ಹೋಗುವ ಮೋವರಿನಲ್ಲಿ ಇದೇ ಕೆಲಸವನ್ನು ಹ್ಯಾಂಡಲ್ಲಿನ ಜೊತೆ ಹಿಡಿದುಕೊಳ್ಳುವ ಬಾರ್ ಮಾಡುತ್ತದೆ. ಕೈ ಬಿಟ್ಟರೆ ಬ್ಲೇಡ್ ನಿಲ್ಲಬೇಕು. ಅಮೆರಿಕದಲ್ಲಿ 1982ರಿಂದ ಇದಕ್ಕೆ ಕಾನೂನೇ ಇದೆ, ಬಾರ್ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ಆ ಬಾರನ್ನು ಹಗ್ಗದಲ್ಲೋ ಪ್ಲಾಸ್ಟಿಕ್ ಟೈನಲ್ಲೋ ಹ್ಯಾಂಡಲ್ಲಿಗೆ ಬಿಗಿದಿರುವುದನ್ನು ನೀವೂ ನೋಡಿರುತ್ತೀರಿ. ಕೈ ನೋಯುತ್ತದೆ ಅಂತ ಕಟ್ಟುತ್ತಾರೆ. ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದರೆ ಯಂತ್ರ ನಿಲ್ಲುವುದಿಲ್ಲ, ಬಿದ್ದವರ ಕಾಲಿನ ಹತ್ತಿರವೇ ಬ್ಲೇಡ್ ತಿರುಗುತ್ತಿರುತ್ತದೆ. ಹಾಗಾಗಿ ಇಳಿಜಾರಿನಲ್ಲಿ ತಳ್ಳುವ ಮೋವರನ್ನು ಅಡ್ಡಡ್ಡ ಓಡಿಸಬೇಕು. ಕೂತು ಓಡಿಸುವುದನ್ನು ಮೇಲೆ ಕೆಳಗೆ ಓಡಿಸಬೇಕು. ಇಳಿಜಾರು 15 ಡಿಗ್ರಿಗಿಂತ ಜಾಸ್ತಿ ಇದ್ದರೆ ಕೂತು ಓಡಿಸುವ ಮೋವರ್ ಅಲ್ಲಿಗೆ ಬೇಡವೇ ಬೇಡ. ನಿಮ್ಮ ಪುಸ್ತಕ ಅದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದೇ ಮಿತಿ.

ಹುಲ್ಲು ಕಟ್ಟಿಕೊಂಡಾಗ ಏನು ಮಾಡಬೇಕು ಅನ್ನುವುದು ಸರಳ, ಆದರೆ ಆತುರದಲ್ಲಿ ಯಾರೂ ಮಾಡುವುದಿಲ್ಲ. ಸ್ವಿಚ್ಚುಗಳೆಲ್ಲ ಸರಿ ಇದ್ದರೂ ಅವುಗಳನ್ನು ನಂಬಿ ಕೈ ಹಾಕಬಾರದು. ಇಂಜಿನ್ ಆಫ್, ಕೀ ಕೈಯಲ್ಲಿ. ಬ್ಲೇಡ್ ಪೂರ್ತಿ ನಿಂತಿದೆ ಅಂತ ಖಾತ್ರಿಯಾಗುವವರೆಗೆ ಕಾಯಿರಿ, ಆಫ್ ಮಾಡಿದ ಮೇಲೂ ಅದು ಸ್ವಲ್ಪ ಹೊತ್ತು ತಿರುಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ದೂರ ಸರಿಸಿ. ಬ್ಯಾಟರಿ ಮೋವರ್ ಆದರೆ ಬ್ಯಾಟರಿ ತೆಗೆಯಿರಿ. ಆಮೇಲೆ ಕೋಲಿನಿಂದ ಹುಲ್ಲು ತೆಗೆಯಿರಿ, ಕೈಯಿಂದ ಅಲ್ಲ. ಪ್ಲಗ್ ವೈರ್ ಯಾಕೆ ಅಂದರೆ, ತಳ್ಳುವ ಪೆಟ್ರೋಲ್ ಮೋವರುಗಳಲ್ಲಿ ಬ್ಲೇಡ್ ಇಂಜಿನ್ನಿನ ಶಾಫ್ಟಿಗೇ ಕೂತಿರುತ್ತದೆ. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೆ ಇಂಜಿನ್ನೂ ತಿರುಗುತ್ತದೆ, ಒಮ್ಮೊಮ್ಮೆ ಸ್ಟಾರ್ಟ್ ಆಗಲೂಬಹುದು. ದೊಡ್ಡ ಡೆಕ್ಕುಗಳಲ್ಲಿ ಬ್ಲೇಡುಗಳು ಒಂದೇ ಬೆಲ್ಟಿಗೆ ಸೇರಿರುತ್ತವೆ. ಒಂದನ್ನು ತಿರುಗಿಸಿದರೆ ಪಕ್ಕದ್ದೂ ತಿರುಗುತ್ತದೆ, ಇನ್ನೊಂದು ಕೈ ಅಲ್ಲಿರಬಾರದು. ರೀಲ್ ಮೋವರಿನಲ್ಲಿ (ಉರುಳೆಯಂತೆ ಸುತ್ತುವ ಬ್ಲೇಡುಗಳಿರುವುದು) ಕಡ್ಡಿ ಸಿಕ್ಕಿಕೊಂಡಿದ್ದರೆ ಅದು ಬಿಟ್ಟುಕೊಳ್ಳುವಾಗ ರೀಲ್ ಸಟ್ಟನೆ ಜಿಗಿಯುತ್ತದೆ.

ಈ ಘಟನೆ ಆದ ಮೇಲೆ ಉಳಿದ ಯಂತ್ರಗಳನ್ನೂ ತಪಾಸಣೆ ಮಾಡಿದೆವು. ಒಂದರಲ್ಲಿ ಹುಲ್ಲು ಬೀಳುವ ಬಾಯಿಯ ಮುಚ್ಚಳವನ್ನು ಮೇಲಕ್ಕೆತ್ತಿ ತಂತಿಯಲ್ಲಿ ಕಟ್ಟಿದ್ದರು. ಆ ಮುಚ್ಚಳ ಇಲ್ಲದಿದ್ದರೆ ಬ್ಲೇಡಿಗೆ ಸಿಕ್ಕ ಕಲ್ಲು ನೇರ ಎದುರಿನವರ ಕಡೆ ಹಾರುತ್ತದೆ. ಇನ್ನೊಂದು ಬ್ಲೇಡಿನಲ್ಲಿ, ಹುಲ್ಲನ್ನು ಮೇಲಕ್ಕೆ ಎತ್ತುವ ಮಡಿಕೆಯ ಬುಡ ಸವೆದು ಬಿರುಕು ಬಿಟ್ಟಿತ್ತು. ಅದನ್ನು ಬೆಸುಗೆ ಹಾಕಿಸೋಣ ಅಂದವರೂ ಇದ್ದರು. ಬಿರುಕು ಬಿಟ್ಟ ಬ್ಲೇಡು, ಬಗ್ಗಿದ ಬ್ಲೇಡು ಎರಡೂ ಗುಜರಿಗೆ ಹೋಗಬೇಕು, ಚರ್ಚೆಯೇ ಇಲ್ಲ. ಹೈಡ್ರಾಲಿಕ್ ಪೈಪಿನಲ್ಲಿ ಸಣ್ಣ ಸೋರಿಕೆಯೂ ಸಿಕ್ಕಿತು. ಸೋರಿಕೆ ಎಲ್ಲಿದೆ ಅಂತ ಕೈ ಸವರಿ ಹುಡುಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಸೂಜಿ ಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕಿ ಮಾತ್ರ ಕಾಣುತ್ತದೆ, ನೋವೂ ಮೊದಲು ಕಡಿಮೆ ಇರಬಹುದು. ಆದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ.

ಉರುಳಿದಾಗ ಕಾಪಾಡುವ ರೋಲ್ ಬಾರ್ ಇರುವ ಯಂತ್ರಗಳಲ್ಲಿ ಸೀಟ್ ಬೆಲ್ಟ್ ವಿಷಯ ತುಂಬ ಜನ ತಲೆಕೆಳಗಾಗಿ ತಿಳಿದಿದ್ದಾರೆ. ಬಾರ್ ಎತ್ತಿ ನಿಲ್ಲಿಸಿದ್ದರೆ ಸೀಟ್ ಬೆಲ್ಟ್ ಹಾಕಲೇಬೇಕು. ಮರದ ಕೆಳಗೆ ಹೋಗಲು ಬಾರ್ ಮಡಿಸಿದ್ದರೆ ಬೆಲ್ಟ್ ಹಾಕಬಾರದು. ಬಾರ್ ಇಲ್ಲದೆ ಯಂತ್ರ ಉರುಳಿದರೆ ಬೆಲ್ಟ್ ನಿಮ್ಮನ್ನು ಅದರ ಅಡಿಗೇ ಕಟ್ಟಿ ಹಾಕುತ್ತದೆ. ಮರ ದಾಟಿದ ತಕ್ಷಣ ಬಾರ್ ಎತ್ತಿ, ಬೆಲ್ಟ್ ಹಾಕಿ.

ಮತ್ತೆ ವರ್ಕ್‌ಶಾಪ್ ವಿಷಯಕ್ಕೆ ಬರುತ್ತೇನೆ. ಈಗ ನಾವು ಯಂತ್ರ ಕೊಡುವಾಗಲೇ ಜಾಬ್ ಕಾರ್ಡಿನಲ್ಲಿ ಬರೆಸುತ್ತೇವೆ: ಯಾವ ಸೇಫ್ಟಿ ಸ್ವಿಚ್ಚನ್ನೂ ಬೈಪಾಸ್ ಮಾಡಬಾರದು, ಸ್ವಿಚ್ ಕೆಟ್ಟಿದ್ದರೆ ಹೊಸದು ಹಾಕಬೇಕು, ಹಳೆಯದನ್ನು ನಮಗೆ ವಾಪಸ್ ಕೊಡಬೇಕು. ವಾಪಸ್ ತರುವಾಗ ಅವರ ಎದುರಿಗೇ ಆ ಪರೀಕ್ಷೆಗಳನ್ನು ಮಾಡಿ ನೋಡುತ್ತೇವೆ, ಸೀಟ್ ಎತ್ತಿ ಪ್ಲಗ್ ನೋಡುತ್ತೇವೆ. ಕೆಲವರು ಮುಖ ಗಂಟು ಹಾಕುತ್ತಾರೆ. ಹಾಕಲಿ. ಬರೆದುಕೊಡಲು ಒಪ್ಪದವರ ಹತ್ತಿರ ಯಂತ್ರ ಬಿಡುವುದಿಲ್ಲ. ಬಳಸಿದ ಯಂತ್ರ ಕೊಳ್ಳುವವರೂ ಬೆಲೆ ಮಾತಾಡುವ ಮುಂಚೆ ಇಷ್ಟು ಮಾಡಿ. ಸೀಟಿನ ಅಡಿ, ಬ್ರೇಕ್ ಪೆಡಲ್ ಹತ್ತಿರ, ಬ್ಲೇಡ್ ಲಿವರ್ ಹತ್ತಿರ ಎಲ್ಲೇ ಟೇಪ್ ಸುತ್ತಿದ ವೈರ್ ಕಂಡರೂ ಅದು ಏನು ಅಂತ ಕೇಳಿ, ಟೇಪ್ ಬಿಚ್ಚಿಸಿ ನೋಡಿ.